ಸಾಂಬ್ರಾದಿಂದ ಬೆಂಗಳೂರಿಗೆ ಎಷ್ಟು ದೂರ, ಎಷ್ಟು ಹೊತ್ತು?

ಓದುಗರ ಪ್ರಶ್ನೆಗಳು ಮತ್ತು ಉತ್ತರಗಳು

ಪ್ರಶ್ನೆ: ನಾನು ನಿವೃತ್ತ ಶಾಲಾ ಶಿಕ್ಷಕ. ಹೆಂಡತಿಯ ಕಣ್ಣಿನ ಚಿಕಿತ್ಸೆಗೆಂದು ಬರುವ ತಿಂಗಳು ಬೆಂಗಳೂರಿಗೆ ಹೋಗಬೇಕಾಗಿದೆ. ವೈದ್ಯರು ಮಧ್ಯಾಹ್ನ 12 ಗಂಟೆಗೆ ಬರಹೇಳಿದ್ದಾರೆ. ಬೆಳಗಾವಿ ವಿಮಾನ ನಿಲ್ದಾಣದಿಂದ ಬೆಂಗಳೂರು ನಿಲ್ದಾಣಕ್ಕೆ 444 ಕಿ.ಮೀ., ಹಾರಾಟದ ಅವಧಿ 1 ಗಂಟೆ 3 ನಿಮಿಷ ಎಂದು ಮಗ ಮೊಬೈಲಿನಲ್ಲಿ ನೋಡಿ ಹೇಳಿದ. ಟಿಕೆಟ್ಟಿನಲ್ಲಿ 1 ಗಂಟೆ 20 ನಿಮಿಷ ಎಂದಿದೆ. ಬಸ್ಸಿನಲ್ಲಾದರೆ 500 ಕಿ.ಮೀ. ಎಂದು ಇಷ್ಟು ವರ್ಷ ಲೆಕ್ಕ ಹಾಕಿಕೊಂಡು ಬಂದವನು ನಾನು. ಇವುಗಳಲ್ಲಿ ಯಾವುದು ಸರಿ? ಬೆಳಿಗ್ಗೆ 8 ಗಂಟೆಯ ವಿಮಾನ ಹಿಡಿದರೆ 12ರೊಳಗೆ ಆಸ್ಪತ್ರೆ ಮುಟ್ಟುತ್ತೇವೆಯೇ?
— ಓದುಗರು, ಯರಗಟ್ಟಿ

ಉತ್ತರ: ನೀವು ಬರೆದ ನಾಲ್ಕೂ ಅಂಕಿಗಳು ಸರಿಯಾಗಿಯೇ ಇವೆ. ಆದರೆ ಒಂದೊಂದೂ ಬೇರೆಯದನ್ನೇ ಅಳೆಯುತ್ತದೆ. ಆಸ್ಪತ್ರೆಗೆ ಹೊರಟವರಿಗೆ ಬೇಕಾದದ್ದು ಇವು ನಾಲ್ಕರಲ್ಲಿ ಯಾವುದೂ ಅಲ್ಲದ ಐದನೆಯ ಅಂಕಿ. ಅದನ್ನು ಯಾವ ಟಿಕೆಟ್ಟಿನಲ್ಲೂ ಅಚ್ಚು ಮಾಡಿರುವುದಿಲ್ಲ. ಕೊನೆಗೆ ಅಲ್ಲಿಗೇ ಬರುತ್ತೇನೆ. ಮೊದಲು ದೂರದ ಮಾತು.

444 ಕಿ.ಮೀ. ಎಂಬುದು ಎರಡು ನಿಲ್ದಾಣಗಳ ನಡುವೆ ಭೂಮಿಯ ಮೈಮೇಲೆ ಎಳೆದ ಅತಿ ಹತ್ತಿರದ ಗೆರೆಯ ಉದ್ದ. ನೀವು ಶಿಕ್ಷಕರಾಗಿದ್ದವರು, ಆದ್ದರಿಂದ ಈ ಲೆಕ್ಕವನ್ನು ಒಂದು ಹಾಳೆಯ ಮೇಲೆ ಮಾಡಿ ನೋಡುವುದು ನಿಮಗೂ ಇಷ್ಟವಾದೀತು. ಬೆಳಗಾವಿಯ ಸಾಂಬ್ರಾ ನಿಲ್ದಾಣವಿರುವುದು ಉತ್ತರ ಅಕ್ಷಾಂಶ 15.86 ಡಿಗ್ರಿ, ಪೂರ್ವ ರೇಖಾಂಶ 74.62 ಡಿಗ್ರಿಯಲ್ಲಿ. ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣ ಇರುವುದು 13.20 ಮತ್ತು 77.71 ಡಿಗ್ರಿಯಲ್ಲಿ. ಅಂದರೆ ನಾವು ದಕ್ಷಿಣಕ್ಕೆ 2.66 ಡಿಗ್ರಿ, ಪೂರ್ವಕ್ಕೆ 3.09 ಡಿಗ್ರಿ ಸರಿಯಬೇಕು. ನಮ್ಮ ಭಾಗದಲ್ಲಿ ಅಕ್ಷಾಂಶದ ಒಂದು ಡಿಗ್ರಿ ಸುಮಾರು 110.6 ಕಿ.ಮೀ. ಇರುತ್ತದೆ, ರೇಖಾಂಶದ ಗೆರೆಗಳು ಧ್ರುವದ ಕಡೆಗೆ ಹೋದಂತೆ ಒಂದಕ್ಕೊಂದು ಹತ್ತಿರವಾಗುವುದರಿಂದ ಅದರ ಒಂದು ಡಿಗ್ರಿ ಇಲ್ಲಿ ಸುಮಾರು 107.7 ಕಿ.ಮೀ. ಮಾತ್ರ. ಗುಣಿಸಿದರೆ ದಕ್ಷಿಣಕ್ಕೆ 294 ಕಿ.ಮೀ., ಪೂರ್ವಕ್ಕೆ 333 ಕಿ.ಮೀ. ಆಯಿತು. ಇವೆರಡೂ ಲಂಬಕೋನ ತ್ರಿಭುಜದ ಎರಡು ಬಾಹುಗಳು. ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಕರ್ಣ 444 ಎಂದು ಬರುತ್ತದೆ. ಭೂಮಿ ಗುಂಡಗಿದೆ ಎಂಬ ಕಾರಣಕ್ಕೆ ಇಷ್ಟು ಸಣ್ಣ ದೂರದಲ್ಲಿ ಹೇಳಿಕೊಳ್ಳುವಷ್ಟು ವ್ಯತ್ಯಾಸವೇನೂ ಆಗುವುದಿಲ್ಲ. ಅದೇ ದೂರವನ್ನು ವಿಮಾನದ ಕ್ಯಾಪ್ಟನ್ ಹೇಳಿದರೆ 240 ನಾಟಿಕಲ್ ಮೈಲಿ ಎನ್ನುತ್ತಾರೆ. ಅಕ್ಷಾಂಶದ ಒಂದು ಡಿಗ್ರಿಯ ಅರುವತ್ತನೆಯ ಒಂದು ಪಾಲು ಎಂಬ ಹಳೆಯ ಅಳತೆಯಿಂದ ಬಂದ ಈ ಮೈಲಿ ಈಗ ಸರಿಯಾಗಿ 1.852 ಕಿ.ಮೀ. ಉದ್ದದ್ದು.

ಭೂಪಟದ ಮೇಲೆ ಈ ಗೆರೆಯನ್ನು ಎಳೆದು ನೋಡಿದರೆ ಅದು ಧಾರವಾಡ ಮತ್ತು ಹುಬ್ಬಳ್ಳಿಗಳ ಪಕ್ಕದಿಂದ ಹಾದು, ಲಕ್ಷ್ಮೇಶ್ವರದ ಮೇಲಿಂದ ತುಂಗಭದ್ರೆಯನ್ನು ದಾಟಿ, ಹರಪನಹಳ್ಳಿಯ ಆಸುಪಾಸಿನಲ್ಲಿ ಸಾಗಿ, ಚಿತ್ರದುರ್ಗದ ಕೋಟೆಗೆ ತುಸು ಉತ್ತರದಲ್ಲಿ ಹಾದು ದೇವನಹಳ್ಳಿ ಸೇರುತ್ತದೆ. ನಿಮ್ಮ ಬಸ್ಸು ಹಿಡಿಯುವ ರಾಷ್ಟ್ರೀಯ ಹೆದ್ದಾರಿ 48 ಕೂಡ ಹೆಚ್ಚುಕಡಿಮೆ ಇದೇ ಜಾಡಿನಲ್ಲಿದೆ. ಹಾವೇರಿ, ದಾವಣಗೆರೆಗಳ ಹತ್ತಿರ ಮಾತ್ರ ಸ್ವಲ್ಪ ದಕ್ಷಿಣಕ್ಕೆ ಬಾಗುತ್ತದೆ. ಆದ್ದರಿಂದಲೇ ರಸ್ತೆಯ ದೂರ ಸುಮಾರು 500 ಕಿ.ಮೀ.ಗೆ ನಿಂತಿದೆ, ಆಕಾಶದ ದೂರಕ್ಕಿಂತ ಎಂಟನೆಯ ಒಂದು ಪಾಲಿನಷ್ಟೇ ಹೆಚ್ಚು. ರೈಲಿನ ದಾರಿ ಹಾಗಲ್ಲ. ಬೆಳಗಾವಿಯಿಂದ ಹೊರಟ ಗಾಡಿ ಮೊದಲು ಲೋಂಡಾದ ಕಡೆಗೆ ಇಳಿದು, ಅಲ್ಲಿಂದ ಧಾರವಾಡಕ್ಕೆ ತಿರುಗಿಕೊಳ್ಳಬೇಕಾಗಿರುವುದರಿಂದ ಒಟ್ಟು ದೂರ 610 ಕಿ.ಮೀ. ಆಸುಪಾಸಿಗೆ ಹೋಗುತ್ತದೆ.

ಇನ್ನು ಸಮಯದ ಮಾತು. ಮೊಬೈಲಿನಲ್ಲಿ ಕಂಡ 1 ಗಂಟೆ 3 ನಿಮಿಷಕ್ಕೆ ಯಾವ ವಿಮಾನದ ವೇಳಾಪಟ್ಟಿಯೂ ಆಧಾರವಲ್ಲ. ದೂರವನ್ನು ಗಂಟೆಗೆ ಸುಮಾರು 800 ಕಿ.ಮೀ. ವೇಗದಿಂದ ಭಾಗಿಸಿ, ಏರಲು ಇಳಿಯಲು ಎಂದು ಅರ್ಧ ಗಂಟೆ ಸೇರಿಸುವ ಸಿದ್ಧ ಸೂತ್ರವೊಂದಿದೆ, 444 ಕಿ.ಮೀ.ಗೆ 33 ನಿಮಿಷ, ಅದಕ್ಕೆ 30 ಕೂಡಿಸಿದರೆ 63. ಆ ವೇಗ ಜೆಟ್ ವಿಮಾನದ್ದು. ನಮ್ಮಂಥ ನಿಲ್ದಾಣಗಳ ನಡುವೆ ಹೆಚ್ಚಾಗಿ ಓಡಾಡುವ, ರೆಕ್ಕೆಯಲ್ಲಿ ಎರಡು ದೊಡ್ಡ ಫ್ಯಾನುಗಳು ತಿರುಗುತ್ತಿರುವ ಎಟಿಆರ್ 72 ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ. ಮಾತ್ರ. ಅದಕ್ಕೆ ಬರಿ ಸಾಗಣೆಗೇ 53 ನಿಮಿಷ ಬೇಕು. ಹಾಗೆಂದು ಜೆಟ್ ಹತ್ತಿದರೆ ಇಪ್ಪತ್ತು ನಿಮಿಷ ಉಳಿದೀತು ಎಂದುಕೊಳ್ಳಬೇಡಿ. ಜೆಟ್ ತನ್ನ ಎತ್ತರಕ್ಕೆ ಏರಿ ಪೂರ್ಣ ವೇಗ ಹಿಡಿಯುವಷ್ಟರಲ್ಲಿ ಇಳಿಯುವ ಹೊತ್ತು ಬಂದಿರುತ್ತದೆ. ಇಷ್ಟು ಗಿಡ್ಡ ದಾರಿಯಲ್ಲಿ ಉಳಿಯುವುದು ಹತ್ತು, ಹೆಚ್ಚೆಂದರೆ ಹದಿನೈದು ನಿಮಿಷ.

ಟಿಕೆಟ್ಟಿನ 1 ಗಂಟೆ 20 ನಿಮಿಷ ಮತ್ತೊಂದು ಬಗೆಯದು. ವಿಮಾನದ ಚಕ್ರಕ್ಕೆ ಒತ್ತಿಟ್ಟಿರುವ, ಚಾಕ್ ಎಂದು ಕರೆಯುವ ಅಡ್ಡಗಟ್ಟೆಯನ್ನು ಸಾಂಬ್ರಾದಲ್ಲಿ ತೆಗೆದ ಕ್ಷಣದಿಂದ, ಬೆಂಗಳೂರಿನಲ್ಲಿ ಅದನ್ನು ಮತ್ತೆ ಒತ್ತಿಡುವ ಕ್ಷಣದವರೆಗಿನ ಅವಧಿ ಅದು. ವಿಮಾನಯಾನದವರು ಇದನ್ನು ಬ್ಲಾಕ್ ಟೈಮ್ ಎನ್ನುತ್ತಾರೆ. ನೆಲದ ಮೇಲೆ ಉರುಳುವ ಹೊತ್ತು, ರನ್‌ವೇ ಖಾಲಿಯಾಗಲಿ ಎಂದು ಕಾಯುವ ಹೊತ್ತು, ದಿಕ್ಕು ತಿರುಗಿಸಿಕೊಳ್ಳುವ ಹೊತ್ತು ಎಲ್ಲವೂ ಅದರೊಳಗೇ ಸೇರಿರುತ್ತವೆ. ಕಳೆದ ಶ್ರಾವಣದಲ್ಲಿ ಇದೇ ದಾರಿಯಲ್ಲಿ ಹೋಗುವಾಗ ನಾನು ಕೈಗಡಿಯಾರ ನೋಡುತ್ತ ಕುಳಿತಿದ್ದೆ. ಬಾಗಿಲು ಹಾಕಿ ವಿಮಾನ ಅಲುಗಾಡಿದ ಮೇಲೆ ನೆಲ ಬಿಡುವುದಕ್ಕೆ ಒಂಬತ್ತು ನಿಮಿಷ ಹಿಡಿಯಿತು. ಮಳೆಗಾಲದ ಗಾಳಿ ಪಶ್ಚಿಮದಿಂದ ಬೀಸುತ್ತಿತ್ತು. ಗಾಳಿಗೆ ಎದುರಾಗಿಯೇ ಏರಬೇಕಾದ್ದರಿಂದ ವಿಮಾನ ಬೆಂಗಳೂರಿಗೆ ಬೆನ್ನು ಮಾಡಿ ಪಶ್ಚಿಮಕ್ಕೆ ಹಾರಿತು. ಕಿಟಕಿಯ ಗಾಜಿನ ಮೇಲೆ ಮಳೆಹನಿಗಳು ನಿಂತಲ್ಲಿ ನಿಲ್ಲದೆ ಗೆರೆಗೆರೆಯಾಗಿ ಹಿಂದಕ್ಕೆ ಓಡಿದವು, ಆಮೇಲೆ ರೆಕ್ಕೆ ವಾಲಿತು, ವಿಮಾನ ದೊಡ್ಡ ಸುತ್ತು ತೆಗೆದುಕೊಂಡು ಆಗ್ನೇಯಕ್ಕೆ ಮುಖ ಮಾಡಿತು. ಬೆಂಗಳೂರಿನಲ್ಲಿಯೂ ಅದೇ ಕಥೆ. ಅಲ್ಲಿಯ ಎರಡು ರನ್‌ವೇಗಳೂ ಪೂರ್ವ–ಪಶ್ಚಿಮವಾಗಿ ಹಾಸಿಕೊಂಡಿವೆ. ಪಶ್ಚಿಮದ ಗಾಳಿ ಇರುವಾಗ ಸೂಲಿಬೆಲೆಯ ಕಡೆಯಿಂದ, ಅಂದರೆ ಪೂರ್ವದಿಂದ, ಇಳಿಯಬೇಕು. ವಾಯವ್ಯದಿಂದ ಬಂದ ನಾವು ನಿಲ್ದಾಣವನ್ನು ದಾಟಿಕೊಂಡು ಮುಂದೆ ಹೋಗಿ ಹಿಂತಿರುಗಿದೆವು. ಚಳಿಗಾಲದಲ್ಲಿ ಗಾಳಿ ಪೂರ್ವಕ್ಕೆ ತಿರುಗಿದಾಗ ಈ ಸುತ್ತು ತಪ್ಪುತ್ತದೆ, ಪಶ್ಚಿಮದಿಂದ ಬಂದ ವಿಮಾನ ಬಂದಂತೆಯೇ ಇಳಿಯುತ್ತದೆ. ಹೀಗಾಗಿ 444 ಕಿ.ಮೀ.ಯ ಗೆರೆಯನ್ನು ಯಾವ ವಿಮಾನವೂ ಅಷ್ಟಕ್ಕಷ್ಟೇ ಹಾರುವುದಿಲ್ಲ.

ಈಗ ಐದನೆಯ ಅಂಕಿಗೆ ಬರೋಣ, ಅಂದರೆ ಮನೆಯ ಬಾಗಿಲಿನಿಂದ ಆಸ್ಪತ್ರೆಯ ಬಾಗಿಲಿನವರೆಗೆ. ನಿಮಗೊಂದು ಅನುಕೂಲವಿದೆ: ಸಾಂಬ್ರಾ ಬಾಗಲಕೋಟೆ ರಸ್ತೆಯಲ್ಲೇ ಇರುವುದರಿಂದ ಯರಗಟ್ಟಿ, ನೇಸರಗಿ ದಾರಿಯಲ್ಲಿ ಬರುವವರು ಬೆಳಗಾವಿ ಊರೊಳಗೆ ಹೊಕ್ಕು ಹತ್ತು ಕಿ.ಮೀ. ಹಿಂದಕ್ಕೆ ಬರುವ ಪ್ರಮೇಯವಿಲ್ಲ. ಆದರೂ 8ರ ವಿಮಾನಕ್ಕೆ ಆರೂವರೆಗೆ ನಿಲ್ದಾಣದಲ್ಲಿರಬೇಕು, ಆದ್ದರಿಂದ ಮನೆಯನ್ನು ಐದಕ್ಕೇ ಬಿಡಬೇಕು. ವಿಮಾನ ಸಮಯಕ್ಕೆ ಸರಿಯಾಗಿ ಹೋದರೆ 9.20ಕ್ಕೆ ಬೆಂಗಳೂರಿನಲ್ಲಿ ನಿಲ್ಲುತ್ತದೆ. ಇಳಿದು, ಚೀಲ ತೆಗೆದುಕೊಂಡು ಹೊರಗೆ ಬರುವುದಕ್ಕೆ ಅರ್ಧ ಗಂಟೆ. ಅಲ್ಲಿಂದ ಮೆಜೆಸ್ಟಿಕ್ ಸುಮಾರು 35 ಕಿ.ಮೀ.; ಬೆಳಗಿನ ವಾಹನ ದಟ್ಟಣೆಯಲ್ಲಿ ಒಂದೂವರೆಯಿಂದ ಎರಡು ಗಂಟೆ ಇಟ್ಟುಕೊಳ್ಳಿ. ನಿಮ್ಮ ಆಸ್ಪತ್ರೆ ನಗರದ ದಕ್ಷಿಣ ಭಾಗದಲ್ಲಿದ್ದರೆ ಇನ್ನೂ ಹೆಚ್ಚು. ಎಲ್ಲವೂ ಕೂಡಿಬಂದರೆ ಹನ್ನೊಂದೂಮುಕ್ಕಾಲಕ್ಕೆ ಮುಟ್ಟುತ್ತೀರಿ. ವಿಮಾನ ಅರ್ಧ ಗಂಟೆ ತಡವಾದರೂ ಮುಟ್ಟುವುದಿಲ್ಲ. ಕಣ್ಣು ಕಾಣದೆ ಕಳವಳದಲ್ಲಿರುವವರನ್ನು ಕರೆದುಕೊಂಡು ಹೊರಟಾಗ ಇಂಥ ಬಿಗಿ ಲೆಕ್ಕ ಬೇಡ. ಆಸ್ಪತ್ರೆಗೆ ಫೋನ್ ಮಾಡಿ ಮಧ್ಯಾಹ್ನ ಮೂರರ ಹೊತ್ತಿಗೆ ಸಮಯ ಕೇಳಿ, ಇಲ್ಲವಾದರೆ ಹಿಂದಿನ ದಿನವೇ ಹೋಗಿ ಉಳಿದುಕೊಳ್ಳಿ.

ನೀವು ಕೇಳಿಲ್ಲವಾದರೂ ಇನ್ನೊಂದು ವಿಷಯ ಹೇಳಲೇಬೇಕು. ಅಕ್ಷಿಪಟಲದ ಕೆಲವು ಶಸ್ತ್ರಚಿಕಿತ್ಸೆಗಳಲ್ಲಿ ಕಣ್ಣಿನೊಳಗೆ ಅನಿಲದ ಗುಳ್ಳೆಯೊಂದನ್ನು ಬಿಡುತ್ತಾರೆ. ಅದು ಕರಗಲು ವಾರಗಳೇ ಹಿಡಿಯಬಹುದು. ಅದಿರುವಾಗ ವಿಮಾನ ಹತ್ತಲೇಬಾರದು, ಏಕೆಂದರೆ ವಿಮಾನದೊಳಗಿನ ಗಾಳಿಯ ಒತ್ತಡ ನೆಲದ ಮೇಲಿನದಕ್ಕಿಂತ ಕಡಿಮೆಯಿರುವುದರಿಂದ ಗುಳ್ಳೆ ಹಿಗ್ಗಿ ಕಣ್ಣಿನ ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು. ಹಿಂತಿರುಗುವ ಟಿಕೆಟ್ ಮಾಡಿಸುವ ಮೊದಲು ಚಿಕಿತ್ಸೆ ಯಾವುದು, ಎಂದಿನಿಂದ ವಿಮಾನ ಹತ್ತಬಹುದು ಎಂದು ವೈದ್ಯರನ್ನೇ ಬಾಯಿಬಿಟ್ಟು ಕೇಳಿ. ಬೇಡ ಎಂದರೆ ರೈಲಿದೆ. 2025ರ ಆಗಸ್ಟ್‌ನಿಂದ ಬೆಳಗಾವಿ–ಬೆಂಗಳೂರು ನಡುವೆ ಓಡುತ್ತಿರುವ ವಂದೇ ಭಾರತ್‌ಗೆ ಸುಮಾರು ಎಂಟೂವರೆ ಗಂಟೆ ಬೇಕಾಗುತ್ತದೆ, ಮಧ್ಯಾಹ್ನ ಬೆಂಗಳೂರು ಬಿಟ್ಟು ರಾತ್ರಿ ಬೆಳಗಾವಿ ಮುಟ್ಟಿಸುತ್ತದೆ.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿನಿ. ಜುಲೈನಲ್ಲಿ ಬೆಂಗಳೂರಿಗೆ ಹೋಗುವಾಗ ಬೇಗ ಮುಟ್ಟಿದ ಅದೇ ಬಗೆಯ ವಿಮಾನ ಬೆಳಗಾವಿಗೆ ಬರುವಾಗ ಏಳೆಂಟು ನಿಮಿಷ ಹೆಚ್ಚು ಹೊತ್ತು ತೆಗೆದುಕೊಂಡಿತು. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುವುದೇ ಇದಕ್ಕೆ ಕಾರಣವೇ?
— ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ಅಲ್ಲ. ಭೂಮಿಯ ಜೊತೆಗೆ ಅದರ ವಾತಾವರಣವೂ ತಿರುಗುತ್ತದೆ, ವಿಮಾನ ಹಾರುವುದು ಆ ವಾತಾವರಣದೊಳಗೆ. ನಿಮ್ಮ ಏಳೆಂಟು ನಿಮಿಷಕ್ಕೆ ಕಾರಣ ಮುಂಗಾರಿನ ಗಾಳಿ. ಅರಬ್ಬೀ ಸಮುದ್ರದಿಂದ ಘಟ್ಟ ಹತ್ತಿ ಬರುವ ಈ ಪಶ್ಚಿಮ ಮಾರುತ ನೆಲದಿಂದ ಐದಾರು ಕಿ.ಮೀ. ಎತ್ತರದವರೆಗೂ ಇರುತ್ತದೆ, ಎಟಿಆರ್ ವಿಮಾನಗಳು ಹಾರುವ ಎತ್ತರವೂ ಅಷ್ಟೇ. ಆ ಎತ್ತರದಲ್ಲಿ ಗಾಳಿ ಗಂಟೆಗೆ 50 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಬೀಸುತ್ತಿದೆ ಎಂದಿಟ್ಟುಕೊಳ್ಳಿ. ನಮ್ಮ ದಾರಿ ನೇರ ಪೂರ್ವಕ್ಕಿಲ್ಲ, ಆಗ್ನೇಯಕ್ಕಿದೆ. ಆದ್ದರಿಂದ ಆ ಐವತ್ತರಲ್ಲಿ ನಮ್ಮನ್ನು ಮುಂದಕ್ಕೆ ತಳ್ಳುವ ಪಾಲು ಸುಮಾರು 37 ಮಾತ್ರ. ಹೋಗುವಾಗ ನೆಲದ ಲೆಕ್ಕದಲ್ಲಿ ವೇಗ 537, ಬರುವಾಗ 463. 444 ಕಿ.ಮೀ.ಯನ್ನು ಇವೆರಡರಿಂದ ಭಾಗಿಸಿದರೆ ಒಂದಕ್ಕೆ ಐವತ್ತು ನಿಮಿಷ, ಇನ್ನೊಂದಕ್ಕೆ ಐವತ್ತೇಳೂವರೆ ನಿಮಿಷ. ನೀವು ಕಂಡ ವ್ಯತ್ಯಾಸ ಇಲ್ಲೇ ಸಿಕ್ಕಿತು.

ಕುತೂಹಲದ ಸಂಗತಿ ಎಂದರೆ ಅದೇ ಮುಂಗಾರಿನ ದಿನಗಳಲ್ಲಿ ಹನ್ನೆರಡು ಕಿ.ಮೀ.ಗಿಂತ ಮೇಲೆ ಗಾಳಿಯ ದಿಕ್ಕು ಪೂರ್ತಿ ತಿರುಗುಮುರುಗಾಗಿ, ದಕ್ಷಿಣ ಭಾರತದ ಮೇಲೆ ಪೂರ್ವದಿಂದ ಪಶ್ಚಿಮಕ್ಕೆ ಬಿರುಸಾಗಿ ಹರಿಯುತ್ತದೆ. ಉಷ್ಣವಲಯದ ಈ ಪೂರ್ವ ಜೆಟ್ ಪ್ರವಾಹವನ್ನು ಭಾರತೀಯ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ ಅವರು 1958ರಲ್ಲಿ ವಿವರಿಸಿದರು. ಬೆಳಗಾವಿಯಿಂದ ಬೆಂಗಳೂರಿಗೆ ಹಾರುವ ವಿಮಾನಗಳು ಅಷ್ಟು ಎತ್ತರ ಏರುವುದಿಲ್ಲ. ನಿಮ್ಮ ತಲೆಯ ಮೇಲೆ ಅದು ತನ್ನ ಪಾಡಿಗೆ ಹರಿಯುತ್ತಿರುತ್ತದೆ.

ಮಳೆಗಾಲದಲ್ಲಿ ಗಾಳಿಗಿಂತ ಹೆಚ್ಚು ಕಾಡುವುದು ಕೆಳಮಟ್ಟದ ಮೋಡ. ರನ್‌ವೇ ಕಾಣದೆ ಹೋದರೆ ವಿಮಾನ ಸುತ್ತು ಹಾಕುತ್ತ ಕಾಯುತ್ತದೆ, ಮೋಡ ಸರಿಯದಿದ್ದರೆ ಹತ್ತಿರದ ಬೇರೊಂದು ನಿಲ್ದಾಣಕ್ಕೆ ಹೋಗುತ್ತದೆ. ಅದಕ್ಕೆ ಬೇಕಾದ ಇಂಧನವನ್ನು ಹೊರಡುವಾಗಲೇ ತುಂಬಿಕೊಂಡಿರಬೇಕೆಂಬುದು ನಿಯಮ, ಆದ್ದರಿಂದ ಹೆದರಿಕೆ ಬೇಡ. ಆದರೆ ಜೂನ್‌ನಿಂದ ಆಗಸ್ಟ್‌ವರೆಗೆ, ಪರೀಕ್ಷೆ ಅಥವಾ ಕೆಲಸದ ಸಂದರ್ಶನ ಇರುವ ದಿನ ಬೆಳಿಗ್ಗೆಯೇ ವಿಮಾನ ಹತ್ತಿ ಹೊರಡುವ ಯೋಚನೆ ಮಾಡಬೇಡಿ. ಹೀಗೆ ವಾಪಸು ಹೋದ ವಿಮಾನವೊಂದರಲ್ಲಿ ನಾನಿದ್ದೆ. ಪಕ್ಕದ ಹುಡುಗ ತನ್ನ ಸಂದರ್ಶನದ ಪತ್ರವನ್ನು ಮಡಚುತ್ತ ಬಿಡಿಸುತ್ತ ಕುಳಿತಿದ್ದುದು ಇನ್ನೂ ನೆನಪಿದೆ.

ಪ್ರಶ್ನೆ: ಬೆಳಗಾವಿಗೆ ಆಕಾಶಮಾರ್ಗದಲ್ಲಿ ಬೆಂಗಳೂರು ಹತ್ತಿರವೋ ಮುಂಬೈಯೋ?
— ಓದುಗರು, ಖಾನಾಪುರ

ಉತ್ತರ: ಮುಂಬೈ. ನಿಲ್ದಾಣದಿಂದ ನಿಲ್ದಾಣಕ್ಕೆ ಮುಂಬೈ ಸುಮಾರು 403 ಕಿ.ಮೀ., ಹೈದರಾಬಾದ್ 434, ಬೆಂಗಳೂರು 444. ಮೂರೂ ಕಡೆಗೆ ಟಿಕೆಟ್ಟಿನ ಅವಧಿ ಹೆಚ್ಚುಕಡಿಮೆ ಒಂದೇ ಆಗಿರುವುದಕ್ಕೆ ಇದೇ ಕಾರಣ. ದೆಹಲಿ ಮಾತ್ರ ಬೇರೆ ಲೆಕ್ಕ, ಸುಮಾರು 1,430 ಕಿ.ಮೀ.; ಅಷ್ಟು ದೂರಕ್ಕೆ ಜೆಟ್ ಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬ್ರಿಟಿಷ್ ವಾಯುಪಡೆ ಮಾಡಿಕೊಂಡ ಸಾಂಬ್ರಾದ ಪಟ್ಟಿ ಈಗ 2,300 ಮೀಟರಿಗೆ ಬೆಳೆದು, ದೊಡ್ಡ ಜೆಟ್‌ಗಳೂ ಇಳಿಯುವಂತಾಗಿದೆ.

ಪ್ರಶ್ನೆ: ಬೆಳಗಾವಿಯಿಂದ ಕಲಬುರಗಿಗೆ ವಿಮಾನದಲ್ಲಿ ಎಷ್ಟು ಹೊತ್ತು? ಎರಡೂ ಕಡೆ ನಿಲ್ದಾಣವಿದೆ. ನಾವು ಬಸ್ಸಿನಲ್ಲಿ ಇಡೀ ದಿನ ಕಳೆಯುತ್ತೇವೆ.
— ಓದುಗರು, ವಿಜಯಪುರ

ಉತ್ತರ: ನೇರ ಗೆರೆ ಎಳೆದರೆ ಸುಮಾರು 297 ಕಿ.ಮೀ. ಎಟಿಆರ್‌ಗೆ ಸಾಗಣೆ 36 ನಿಮಿಷ. ನೆಲದ ಮೇಲಿನ ಓಡಾಟ ಮತ್ತು ತಿರುವುಗಳಿಗೆ ಎಂದಿನಂತೆ 25 ನಿಮಿಷ ಸೇರಿಸಿದರೆ ಒಂದು ಗಂಟೆ. ಆ ಗೆರೆ ಹಾಯುವುದು ನಿಮ್ಮ ವಿಜಯಪುರ ಮತ್ತು ಬಸವನ ಬಾಗೇವಾಡಿಗಳ ನಡುವಿನ ಆಕಾಶದಲ್ಲಿ. ಆದರೆ ನೇರ ವಿಮಾನ ಹಿಡಿಯಲು ಸಿಗದಿದ್ದರೆ ಈ ಒಂದು ಗಂಟೆ ಕಾಗದದ ಮೇಲಷ್ಟೇ ಉಳಿಯುತ್ತದೆ. ಬೆಂಗಳೂರಿನ ಮೂಲಕ ಹೋಗುವುದಾದರೆ ಮೊದಲು 444 ಕಿ.ಮೀ. ದಕ್ಷಿಣಕ್ಕೆ ಇಳಿದು, ಅಲ್ಲಿಂದ 462 ಕಿ.ಮೀ. ಮತ್ತೆ ಉತ್ತರಕ್ಕೆ ಏರಬೇಕು. ಒಟ್ಟು 906 ಕಿ.ಮೀ., ಇರಬೇಕಾದ ದೂರದ ಮೂರು ಪಟ್ಟು. ನಡುವೆ ಕಾಯುವ ಹೊತ್ತು ಬೇರೆ. ಅದಕ್ಕಿಂತ ರಸ್ತೆಯೇ ವಾಸಿ.

ಇದು ನನಗೆ ನಿಜವಾಗಿಯೂ ನೋವಿನ ವಿಷಯ. ಸಾಮಾನ್ಯ ಜನರೂ ವಿಮಾನ ಹತ್ತಬೇಕು, ಸಣ್ಣ ಊರುಗಳು ಒಂದಕ್ಕೊಂದು ಕೂಡಿಕೊಳ್ಳಬೇಕು ಎಂದು 2016ರಲ್ಲಿ ಘೋಷಣೆಯಾಗಿ 2017ರ ಏಪ್ರಿಲ್‌ನಲ್ಲಿ ಮೊದಲ ಹಾರಾಟ ಕಂಡ ಉಡಾನ್ ಯೋಜನೆ, ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿಯ ಮಿತಿಯೊಂದಿಗೆ ಶುರುವಾಯಿತು. ಕಲಬುರಗಿಯಲ್ಲಿ 2019ರ ನವೆಂಬರ್‌ನಲ್ಲಿ ನಿಲ್ದಾಣ ತೆರೆಯಿತು. ವಿಜಯಪುರದ ಬುರಣಾಪುರದಲ್ಲಿ 2021ರಲ್ಲಿ ನಿಲ್ದಾಣದ ಕೆಲಸ ಆರಂಭವಾಯಿತು. ಆದರೆ ಊರಿಗೊಂದು ನಿಲ್ದಾಣ ಕಟ್ಟಿ, ಎಲ್ಲ ವಿಮಾನಗಳನ್ನೂ ರಾಜಧಾನಿಯ ಕಡೆಗೇ ಮುಖ ಮಾಡಿಸಿದರೆ ಕಿತ್ತೂರು ಕರ್ನಾಟಕದವರಿಗೆ ಕಲ್ಯಾಣ ಕರ್ನಾಟಕ ದೂರವೇ ಉಳಿಯುತ್ತದೆ. ಬೆಳಗಾವಿ, ವಿಜಯಪುರ, ಕಲಬುರಗಿಗಳನ್ನು ಸರದಂತೆ ಪೋಣಿಸುವ ಒಂದು ಸಣ್ಣ ವಿಮಾನ ಬೇಕೆಂದು ಮೂರೂ ಜಿಲ್ಲೆಗಳವರು ಒಟ್ಟಾಗಿ ಕೇಳಬೇಕು.

ಪ್ರಶ್ನೆ: ನಮ್ಮದು ಮುಧೋಳ. ಬೆಂಗಳೂರಿಗೆ ಹೋಗಲು ಹುಬ್ಬಳ್ಳಿಯಿಂದ ವಿಮಾನ ಹಿಡಿಯುವುದು ಲೇಸೋ ಬೆಳಗಾವಿಯಿಂದಲೋ? ಬಾಗಲಕೋಟೆಯಲ್ಲಿರುವ ನಮ್ಮ ಬೀಗರು ಹುಬ್ಬಳ್ಳಿಯೇ ಹತ್ತಿರ ಎನ್ನುತ್ತಾರೆ.
— ಓದುಗರು, ಮುಧೋಳ

ಉತ್ತರ: ನಿಮ್ಮ ಬೀಗರ ಮಾತು ಅವರ ಮಟ್ಟಿಗೆ ಸರಿ. ಬಾಗಲಕೋಟೆಯಿಂದ ಹುಬ್ಬಳ್ಳಿ ನಿಲ್ದಾಣ ನೇರ ಗೆರೆಯಲ್ಲಿ ಸುಮಾರು 112 ಕಿ.ಮೀ., ಸಾಂಬ್ರಾ 121. ಮುಧೋಳದಿಂದ ಈ ಲೆಕ್ಕ ತಿರುಗುತ್ತದೆ: ಸಾಂಬ್ರಾ ಸುಮಾರು 88, ಹುಬ್ಬಳ್ಳಿ 110. ವಿಮಾನದೊಳಗಿನ ಹೊತ್ತನ್ನು ಇಲ್ಲಿ ಲೆಕ್ಕಕ್ಕೇ ಹಿಡಿಯಬೇಡಿ; ಹುಬ್ಬಳ್ಳಿಯಿಂದ ಬೆಂಗಳೂರಿಗೆ 370 ಕಿ.ಮೀ. ಇರುವುದರಿಂದ ಅಲ್ಲಿ ಉಳಿಯುವುದು ಒಂಬತ್ತು ನಿಮಿಷ ಮಾತ್ರ. ನೋಡಬೇಕಾದದ್ದು ಎರಡೇ: ನಿಮಗೆ ಬೇಕಾದ ಹೊತ್ತಿಗೆ ಯಾವ ನಿಲ್ದಾಣದಲ್ಲಿ ವಿಮಾನವಿದೆ, ಮತ್ತು ಆ ನಿಲ್ದಾಣದವರೆಗಿನ ರಸ್ತೆ ಹೇಗಿದೆ. ಲೋಕಾಪುರ, ಯರಗಟ್ಟಿ ಮೇಲಿನ ದಾರಿ ನಿಮ್ಮನ್ನು ನೇರವಾಗಿ ಸಾಂಬ್ರಾಕ್ಕೆ ತಂದು ಬಿಡುತ್ತದೆ. ಆದರೆ ಕಬ್ಬಿನ ಹಂಗಾಮಿನಲ್ಲಿ ನಿಮ್ಮ ಕಡೆಯ ರಸ್ತೆಗಳ ಮೇಲೆ ಎರಡೆರಡು ಟ್ರೇಲರ್ ಎಳೆದುಕೊಂಡು, ಹಿಂದೆ ದೀಪವಿಲ್ಲದೆ, ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿರುವುದು ನಿಮಗೆ ಗೊತ್ತೇ ಇದೆ. ನಸುಕಿನಲ್ಲಿ ಅವುಗಳನ್ನು ದಾಟುವ ಅವಸರ ಮಾಡಬೇಡಿ. ಅಕ್ಟೋಬರ್ ಕೊನೆಯಿಂದ ಮಾರ್ಚ್‌ವರೆಗೆ ಮನೆಯನ್ನು ಮುಕ್ಕಾಲು ಗಂಟೆ ಮೊದಲೇ ಬಿಡಿ.